ಲೂಲ್ವಾಳ ಎಂಟು ಸಾವಿರ ಹೆಜ್ಜೆ

ಮೂರು ತಿಂಗಳಲ್ಲಿ ಸಕ್ಕರೆ ಇಳಿಯದಿದ್ದರೆ ಸೂಜಿಯೇ ಗತಿ ಎಂದು ಡಾಕ್ಟರ್ ಹೇಳಿದಾಗ ನನ್ನ ಮಗಳು ಲೂಲ್ವಾಗೆ ಹತ್ತು ವರ್ಷ. ಆಸ್ಪತ್ರೆಯವರು ಅವಳ ಕೈಗೊಂದು ಗಡಿಯಾರ ಕಟ್ಟಿ, ನನ್ನ ಫೋನಿಗೊಂದು ಆಟ ಹಾಕಿಕೊಟ್ಟರು. ಗಡಿಯಾರ ಹೆಜ್ಜೆ ಎಣಿಸುತ್ತದೆ. ದಿನಕ್ಕೆ ಎಂಟು ಸಾವಿರವಾದರೆ ಆಟದೊಳಗಿನ ಗಿಡುಗ ಹಾರುತ್ತದೆ.

ಗಿಡುಗ ದಿನವೂ ಹಾರಿತು. ಬ್ಯಾಂಕಿನ ಕೆಲಸದಲ್ಲಿ ಕೂತೇ ಫೋನು ನೋಡಿ ಹಿಗ್ಗುತ್ತಿದ್ದೆ, ಅಕ್ಕತಂಗಿಯರ ಮುಂದೆ ಜಂಭ ಕೊಚ್ಚುತ್ತಿದ್ದೆ. ಕುವೈತಿನ ಈ ಬಿಸಿಲಲ್ಲಿ ಹುಡುಗಿ ನಡೆಯುವುದಾದರೂ ಎಲ್ಲಿ ಎಂದು ಒಮ್ಮೆಯಾದರೂ ಕೇಳಿದೆನೇ? ಇಲ್ಲ. ಮೂರು ತಿಂಗಳ ಮೇಲೆ ನೋಡಿದರೆ ಸಕ್ಕರೆ ಏರಿತ್ತು. ಡಾಕ್ಟರ್ ಇನ್ನೊಂದೇ ತಿಂಗಳು ಗಡುವು ಕೊಟ್ಟರು.

ಮರುದಿನ ಹೇಳದೆ ಕೇಳದೆ ಬೇಗ ಮನೆಗೆ ಬಂದೆ. ಗಡಿಯಾರ ನನ್ನ ಮಾವ ಫಾಲೆಹ್ ಅವರ ಕೈಯಲ್ಲಿತ್ತು. ಮೂರು ವರ್ಷದಿಂದ ಒಂದೇ ಸಮನೆ ನಡುಗುವ ಕೈ ಅದು; ಒಂದೊಂದು ನಡುಕವನ್ನೂ ಗಡಿಯಾರ ಹೆಜ್ಜೆಯೆಂದೇ ಎಣಿಸುತ್ತಿತ್ತು. ಪಕ್ಕದಲ್ಲಿ ಲೂಲ್ವಾ ಚಿಪ್ಸ್ ತಿನ್ನುತ್ತಾ, "ಇನ್ನೂರು ಬಾಕಿ ತಾತ," ಎನ್ನುತ್ತಿದ್ದಳು.

"ಕಳ್ಳಿ! ಯಾರಿಗೆ ಮೋಸ ಮಾಡ್ತಿದೀಯ ಗೊತ್ತಾ?"

"ಅವಳನ್ನ ಬೈಬೇಡಮ್ಮ," ಎಂದರು ಮಾವ. "ನಾನೇ ಕಟ್ಟಿಸ್ಕೊಂಡಿದ್ದು."

"ಮಾವ, ನಿಮಗೂ ಬುದ್ಧಿ ಬೇಡ್ವಾ?"

"ಈ ಕೈ ಯಾವ ಕೆಲಸಕ್ಕೂ ಬರ್ತಿರ್ಲಿಲ್ಲ. ಮಗು ಬಂದು, ತಾತ ನಿನ್ ಕೈ ಬೇಕು ಅಂತು. ಹೇಗಮ್ಮ ಇಲ್ಲ ಅನ್ಲಿ?"

ನನ್ನ ಸಿಟ್ಟು ಜರ್ರನೆ ಇಳಿಯಿತು. ಗಂಡಸರು ಸೇರುವ ದಿವಾನಿಯಾದಲ್ಲಿ ಕಾಫಿ ಸಾಕಾದವನು ಬಟ್ಟಲು ಅಲ್ಲಾಡಿಸಬೇಕು. ಮಾವನ ಬಟ್ಟಲು ಮೊದಲ ಗುಟುಕಿಗೇ ಅಲ್ಲಾಡುತ್ತಿತ್ತು, ಕಾಫಿ ಸುರಿಯುವವನು ಮುಂದೆ ಹೋಗಿಬಿಡುತ್ತಿದ್ದ. ಒಂದು ದಿನ ಯಾರೋ ನಕ್ಕರು. ಅಂದಿನಿಂದ ಅವರು ಹೊಸಿಲು ದಾಟಿಲ್ಲ.

ಆದರೂ ಹೇಳಲೇಬೇಕಿತ್ತು. "ಅವಳ ಸಕ್ಕರೆ ಏರಿದೆ ಮಾವ. ಇನ್ನೊಂದು ತಿಂಗಳು ಹೀಗೇ ಆದ್ರೆ ದಿನಾ ಸೂಜಿ ಚುಚ್ಬೇಕು."

ಅವರ ಮುಖ ಸಣ್ಣದಾಯಿತು. ಗಡಿಯಾರದ ಪಟ್ಟಿ ಬಿಚ್ಚಲು ಹೋದರು, ಆಗಲಿಲ್ಲ. ಲೂಲ್ವಾಳೇ ಬಿಚ್ಚಿ ತನ್ನ ಕೈಗೆ ಕಟ್ಟಿಕೊಂಡಳು.

"ನಾನೊಬ್ಳೇ ಹೋಗಲ್ಲ ತಾತ. ಬೀದೀಲಿ ಡುಮ್ಮಿ ಅಂತ ನಗ್ತಾರೆ."

"ನನ್ನ ನೋಡಿನೂ ನಗ್ತಾರೆ ಕಣೇ." ಮಾವ ಕೋಲಿಗೆ ತಡಕಾಡಿದರು. "ನಡಿ, ಇಬ್ರನ್ನೂ ನೋಡಿ ಒಂದೇ ಸಲ ನಕ್ಬಿಡ್ಲಿ."

ಸಂಜೆ ಬಿಸಿಲಿಳಿದ ಮೇಲೆ ಇಬ್ಬರೂ ಹೊರಟರು. ಅವಳು ಹಿಡಿದದ್ದು ನಡುಗುವ ಕೈಯನ್ನೇ. ನಾನು ಗೇಟಿನಲ್ಲಿ ಫೋನು ಹಿಡಿದು ನಿಂತೆ. ಅವರು ಏದುಸಿರು ಬಿಡುತ್ತಾ ವಾಪಸು ಬಂದಾಗ ಒಂಬೈನೂರ ನಲವತ್ತು ಹೆಜ್ಜೆಯಾಗಿತ್ತು. ಎಂಟು ಸಾವಿರ ಕಂಡು ಹಿಗ್ಗಿದವಳು ಅದನ್ನು ನೋಡಿ ಅತ್ತುಬಿಟ್ಟೆ.