ಅಜ್ಜಿ ಕೊಟ್ಟ ಅಂಕ

ರೋಗಿಯ ಐದು ಭೇಟಿಗಳಲ್ಲಿ ಮಾಡುವ ಹಲ್ಲಿನ ಸೆಟ್ಟನ್ನು ಮೂರೇ ಭೇಟಿಗಳಲ್ಲಿ ಮುಗಿಸಬಹುದೆಂದು ತೋರಿಸುವುದು ನನ್ನ ಸಂಶೋಧನೆ. ಬಾಯಲ್ಲಿ ಒಂದೂ ಹಲ್ಲಿಲ್ಲದ ಇಪ್ಪತ್ತು ಮಂದಿ ವಯಸ್ಸಾದವರಿಗೆ ಸೆಟ್ಟು ಮಾಡಿಕೊಟ್ಟು, ತಿಂಗಳಾದ ಮೇಲೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರೆಂದು ಕೇಳಿ ಬರೆದುಕೊಂಡೆ. ಸರಾಸರಿ ಒಂಬತ್ತೂವರೆ. ದಂತವೈದ್ಯ ವಿದ್ಯಾರ್ಥಿಗಳ ಸಂಶೋಧನಾ ಸ್ಪರ್ಧೆಯ ಕೊನೆಯ ಸುತ್ತಿಗೆ ಹೆಸರು ಬಂದಾಗ ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಗೆದ್ದವರಿಗೆ ಸಂಶೋಧನಾ ಕೇಂದ್ರದಲ್ಲಿ ಸೀಟು. ಇರುವುದೇ ಒಂದು, ಅದು ನನಗೆ ಬೇಕೇ ಬೇಕಿತ್ತು.

ಆ ಇಪ್ಪತ್ತರಲ್ಲಿ ಒಂದು ಬಾಯಿ ನಮ್ಮ ಮನೆಯದೇ, ಅಮ್ಮನ ಅಮ್ಮನದು. ಸ್ಪರ್ಧೆಗೆ ಮೂರು ದಿನ ಇದ್ದಾಗ ಮಧ್ಯಾಹ್ನ ಬೇಗ ಮನೆಗೆ ಬಂದೆ. ಅಜ್ಜಿ ಅಡುಗೆಮನೆಯಲ್ಲಿ ಬಾಳೆಹಣ್ಣು ಕಿವುಚಿಕೊಂಡು ಬೊಚ್ಚುಬಾಯಲ್ಲಿ ತಿನ್ನುತ್ತಿದ್ದಳು.

“ಸೆಟ್ಟೆಲ್ಲಿ ಅಜ್ಜಿ?”

“ಬಟ್ಟಲಲ್ಲಿದೆ. ಊಟ ಆದ್ಮೇಲೆ ಹಾಕ್ಕೋತೀನಿ.”

“ಊಟ ಆದ್ಮೇಲೆ ಯಾಕೆ?”

“ಅಗಿದ್ರೆ ನೋಯುತ್ತಲ್ಲೇ.”

“ಮತ್ತೆ ಹತ್ತಕ್ಕೆ ಹತ್ತು ಕೊಟ್ಟೆ?”

“ನೀನು ಪೆನ್ನು ಹಿಡ್ಕೊಂಡು ಎದುರಿಗೇ ಕೂತಿದ್ದೆ. ಮುಖ ನೋಡ್ಕೊಂಡು ಐದು ಅನ್ನೋಕಾಗುತ್ತಾ?”

ಉಳಿದ ಹತ್ತೊಂಬತ್ತು ಜನರ ಎದುರೂ ಪೆನ್ನು ಹಿಡಿದು ಕೂತಿದ್ದವಳು ನಾನೇ.

ಮರುದಿನ ಆಸ್ಪತ್ರೆಯ ಕೌಂಟರಿನವಳ ಕೈಲಿ ಎಲ್ಲರಿಗೂ ಫೋನ್ ಮಾಡಿಸಿ ಮತ್ತೆ ಅಂಕ ಕೇಳಿಸಿದೆ. ಅವಳ ದನಿ ಕೇಳಿದರೆ ಯಾರಿಗೂ ದಾಕ್ಷಿಣ್ಯ ಹುಟ್ಟುವುದಿಲ್ಲ. ಸಂಜೆಯೊಳಗೆ ಸರಾಸರಿ ನಾಲ್ಕೂವರೆಗೆ ಇಳಿಯಿತು. ನಿವೃತ್ತ ಹೆಡ್‌ಮಾಸ್ಟರೊಬ್ಬರು ಫೋಟೋ ತೆಗೆಸಿಕೊಳ್ಳುವಾಗ ಮಾತ್ರ ಸೆಟ್ಟು ಹಾಕಿಕೊಳ್ಳುತ್ತಾರಂತೆ.

“ಮೊದಲ್ನೇ ಅಂಕನೂ ಸುಳ್ಳಲ್ಲ, ಅವರೇ ಬಾಯಿಬಿಟ್ಟು ಹೇಳಿದ್ದು. ಯೋಚ್ನೆ ಮಾಡು,” ಎಂದರು ನನಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂ. ಯೋಚನೆ ಮಾಡಿದೆ. ಸುಮ್ಮನಿರುವುದಕ್ಕೆ ಸಿಕ್ಕ ಕಾರಣಗಳೆಲ್ಲ ಒಂದಕ್ಕಿಂತ ಒಂದು ಚೆನ್ನಾಗಿದ್ದವು.

ಆದರೂ ವೇದಿಕೆಯ ಮೇಲೆ ಎರಡೂ ಅಂಕಗಳನ್ನು ಅಕ್ಕಪಕ್ಕ ತೋರಿಸಿ, ಹೀಗೇಕಾಯಿತೆಂದು ಹೇಳಿದೆ. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಲವತ್ತು ವರ್ಷದಿಂದ ನನ್ನ ಪೇಷಂಟುಗಳನ್ನ ಹೇಗಿದೆ ಅಂತ ನಾನೇ ಕೇಳ್ತಿದ್ದೀನಿ,” ಎಂದರು. “ಎಲ್ರೂ ಚೆನ್ನಾಗಿದೆ ಅಂತಲೇ ಅಂದಿದ್ದಾರೆ.”

ಆದರೆ ಸ್ಪರ್ಧೆಗೆ ಮೊದಲು ಕಳಿಸಿದ ಸಾರಾಂಶಕ್ಕೂ ಈಗ ಹೇಳಿದ್ದಕ್ಕೂ ತಾಳೆಯಾಗುವುದಿಲ್ಲವೆಂದು ತೀರ್ಪುಗಾರರು ನನ್ನನ್ನು ಪಟ್ಟಿಯಿಂದ ಕೈಬಿಟ್ಟರು. ಸೀಟು ಇನ್ಯಾರಿಗೋ ಹೋಯಿತು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದುಕೊಂಡು ಬಸ್ಸು ಹತ್ತಿದೆ.

ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು.

“ಏನಾಯ್ತು?”

“ಸಿಗ್ಲಿಲ್ಲ.”

“ನಾನು ಹೇಳಿದ್ದಕ್ಕಾ?”

ನಾನು ಬಗ್ಗಿ ಚಪ್ಪಲಿ ಬಿಚ್ಚತೊಡಗಿದೆ. ಅವಳು ಒಳಗೆ ಹೋಗಿ ಸೆಟ್ಟು ಹಾಕಿಕೊಂಡು ಬಂದಳು. ಕೈಯಲ್ಲಿ ಸೇಬಿನ ಹೋಳಿತ್ತು. ನನ್ನೆದುರೇ ಅದನ್ನು ಕಚ್ಚಿ ಅಗಿಯತೊಡಗಿದಳು.

“ಅವತ್ತು ಸುಮ್ನೆ ಅಂದೆ ಕಣೆ. ಏನೂ ನೋಯಲ್ಲ. ಹೋಗಿ ಹೇಳು ಅವರಿಗೆ.”

ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಆದರೂ ಅಗಿಯುವುದನ್ನು ಬಿಡಲಿಲ್ಲ. ಕೂರಿಸಿ, ಬಾಯಿ ತೆರೆಸಿ, ಸೆಟ್ಟು ತೆಗೆದು ನೋಡಿದೆ. ಕೆಳಗಿನ ಒಸಡಿನ ಎಡಬದಿಯಲ್ಲಿ ಹುಣ್ಣಾಗಿ ಅಂಚು ಬೆಳ್ಳಗಾಗಿತ್ತು. ಇವತ್ತು ನಿನ್ನೆಯದಲ್ಲ. ನೋಯುತ್ತದೆ ಎಂದು ಅವಳು ಹೇಳಿದ ದಿನ ನನಗೆ ಸರಾಸರಿಯ ಯೋಚನೆ ಬಂತೇ ಹೊರತು ಈ ಬಾಯಿಯನ್ನು ತೆರೆಸಿ ನೋಡುವ ಯೋಚನೆ ಬರಲಿಲ್ಲ.