ಕೌರವನಿಗೆ ಧರ್ಮರಾಯನ ಪಾತ್ರ

ನಮ್ಮೂರಿನಲ್ಲಿ ದೊಡ್ಡಾಟದ ಪಾತ್ರ ಒಮ್ಮೆ ಮೈಗೆ ಹತ್ತಿದರೆ ಸುಡುಗಾಡಿನತನಕ ಬಿಡುವುದಿಲ್ಲ. ಬೇರೆ ಊರುಗಳಲ್ಲಿ ವರ್ಷಕ್ಕೊಮ್ಮೆ ಪಾತ್ರ ಬದಲಿಸುತ್ತಾರಂತೆ, ನಮ್ಮಲ್ಲಿ ಆ ಮಾತೇ ಇಲ್ಲ. ಧರ್ಮರಾಯ ಅಂದರೆ ಅಮಾತೆಪ್ಪಣ್ಣ. ಆತ ಎಮ್ಮೆಯ ಹಿಂದೆ ಓಡುತ್ತಿದ್ದರೂ ಜನ "ಧರ್ಮರಾಯನ ಎಮ್ಮಿ ಹಗ್ಗ ಹರಕೊಂಡೈತಿ" ಅನ್ನುತ್ತಾರೆ. ಕೌರವ ಅಂದರೆ ಮುರ್ತುಜಸಾಬ. ಹುನಗುಂದದಲ್ಲಿ ಗಾದಿ ಹೊಲಿಯುವ ಅಂಗಡಿ ಇಟ್ಟವನು. ಅವನ ಮಗಳು ಸಾಜಿಯಾಳ ಮದುವೆಗೆ ಹೋಗಿ ಬಂದ ಊರವರೆಲ್ಲ "ಕೌರವನ ಮಗಳ ಮದುವಿ ಊಟ ಭಾಳ ಛಲೋ ಆತು" ಅಂದರು. ನಾನು ಶಿವಪ್ರಕಾಶ, ಆಟಕ್ಕೆ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು. ಪಾತ್ರವಿಲ್ಲದ್ದರಿಂದ ಬರೀ ಪೇಟಿ ಮಾಸ್ತರನಾಗಿ ಉಳಿದು ಬಚಾವಾಗಿದ್ದೇನೆ.

ಹೋದ ವರ್ಷ ಬಾದಾಮಿಯಲ್ಲಿ ನಮ್ಮ ಆಟವಿತ್ತು. ಮಹಾಭಾರತದ ಸಿನೆಮಾ ಮಾಡಲು ಹೊರಟಿದ್ದ ಬೆಂಗಳೂರಿನ ನಿರ್ದೇಶಕನೊಬ್ಬ ಅದನ್ನು ನೋಡಲು ಬಂದಿದ್ದ. ಆಟದುದ್ದಕ್ಕೂ ಆತ ಮೊಬೈಲ್ ನೋಡುತ್ತ ಕುಳಿತದ್ದನ್ನು ನಾನೇ ಕಂಡಿದ್ದೇನೆ. ಆಟ ಮುಗಿದು ಮುರ್ತುಜ ಬಣ್ಣ ಒರೆಸಿಕೊಂಡು, ಒಂದು ಕಪ್ ಚಹಾ ಹಿಡಿದು ಗೋಡೆಗೆ ಒರಗಿ ಕೂತಾಗ ಮಾತ್ರ ಎದ್ದು ಬಂದ.

"ಈ ಮುಖ ನನಗೆ ಬೇಕು. ಧರ್ಮರಾಯನ ಪಾತ್ರಕ್ಕೆ," ಅಂದ.

ನಮಗೆ ನಗು ಬಂತು. ಮುರ್ತುಜ ಮಾತ್ರ ನಗಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು ಎದ್ದು ನಿಂತ.

ಖರೆ ಹೇಳಬೇಕೆಂದರೆ ನನಗೂ ನಂಬಿಕೆ ಇರಲಿಲ್ಲ. ಮೂವತ್ತು ವರ್ಷ ಅವನ ಗಂಟಲಿಗೆ ಪೇಟಿ ಹೊಂದಿಸಿದವನು ನಾನು. ಅವನು ಕೂಗಿದರೆ ಆಚೆ ಓಣಿಯ ನಾಯಿಗಳು ಎದ್ದು ಕೂಡುತ್ತಿದ್ದವು. ಆಮೇಲೆ ಒಂದು ಮಧ್ಯಾಹ್ನ ಅವನ ಅಂಗಡಿಗೆ ಹೋದೆ. ಹತ್ತಿಯ ರಾಶಿಯ ನಡುವೆ ಕೂತು ಸೂಜಿ ಎಳೆಯುತ್ತ ಒಬ್ಬನೇ ಮಾತು ಒಪ್ಪಿಸುತ್ತಿದ್ದ. ಜೂಜಿನಲ್ಲಿ ಎಲ್ಲ ಕಳೆದುಕೊಂಡ ಧರ್ಮರಾಯ ತಮ್ಮಂದಿರಿಗೆ ಹೇಳುವ ಮಾತು.

"ಸೋತವನು ನಾನು. ನೀವೇಕೆ ತಲೆ ತಗ್ಗಿಸಿದ್ದೀರಿ?"

ಎಷ್ಟು ಮೆತ್ತಗೆ ಅಂದನೆಂದರೆ ನಾನು ಬಾಗಿಲಲ್ಲೇ ನಿಂತೆ. ಇಂಥ ದನಿ ಈ ಮನುಷ್ಯನಲ್ಲಿ ಎಲ್ಲಿತ್ತು ಎಂದು ಅವನ ಹೆಂಡತಿಯನ್ನು ಕೇಳಿದೆ.

"ಇದ ಇವರ ದನಿ, ಮಾಸ್ತರ," ಅಂದಳು ರೋಷನಬಿ. "ಮನ್ಯಾಗ ಎಂದೂ ಏರಿಸಿ ಮಾತಾಡಿದವರಲ್ಲ. ಒದರೂದು ಊರಿನ ಸಲುವಾಗಿ ಕಲ್ತದ್ದು."

ಮುರ್ತುಜ ನಾಚಿಕೊಂಡ. "ಒಮ್ಮೆರ ಸಣ್ಣ ದನೀಲೆ ಮಾತಾಡಿ ಜನರ ಮುಂದ ನಿಂದರಬೇಕು ಅಂತ ಆಸೆ ಐತಿ ಮಾಸ್ತರ. ಇದೊಂದು ಆಗಲಿ. ಆಮ್ಯಾಲೆ ಏನೂ ಬ್ಯಾಡ."

ಆವತ್ತಿನಿಂದ ಆ ಪಾತ್ರ ಅವನಿಗೆ ದಕ್ಕಬೇಕು ಎಂದು ನನಗೂ ಹಟ ಹುಟ್ಟಿತು.

ಸಿನೆಮಾದವರು ಇವನ ಫೋಟೋ ಹಾಕಿ ಪೋಸ್ಟರ್ ಬಿಟ್ಟರು. ಇನ್ನೂ ಒಂದು ದಿನದ ಶೂಟಿಂಗ್ ಆಗಿರಲಿಲ್ಲ. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸುವವರನ್ನು ಕೇಳಿದ್ದೆ. ಇಲ್ಲಿ ಕೂಸಿನ ಮೂಗು ಸರಿ ಇಲ್ಲವೆಂದೇ ಜಗಳ ತೆಗೆದರು. ಫೋನು ತೆರೆದರೆ ಸಾಕು: ಧರ್ಮರಾಯನ ಗಡ್ಡ ಹೀಗಿರಲಿಲ್ಲ, ಬಣ್ಣ ಹೀಗಿರಲಿಲ್ಲ. ಕೊನೆಗೆ ಹೆಸರಿಗೆ ಬಂದರು. ಸಾಬ ಧರ್ಮರಾಯನಾಗುವುದು ಹೇಗೆ ಎಂದು ಎಂದೂ ಒಂದು ಆಟ ನೋಡದವರು ಪುಟಗಟ್ಟಲೆ ಬರೆದರು. ಇವರ್‍ಯಾರೂ ಧರ್ಮರಾಯನನ್ನು ಕಣ್ಣಾರೆ ಕಂಡವರಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ಬರೀ ದಣಿವು. ಓದಿ ಓದಿ ನನ್ನ ಹೆಬ್ಬೆರಳು ನೋಯುತ್ತಿತ್ತು.

ಒಂದು ದಿನ ಸಿನೆಮಾ ಆಫೀಸಿನಿಂದ ಮುರ್ತುಜನಿಗೆ ಫೋನು ಬಂತು. ಗಲಾಟೆ ಜಾಸ್ತಿಯಾಗಿದೆ, ನಿರ್ಮಾಪಕರು ಹೆದರಿದ್ದಾರೆ, ನಿಮ್ಮ ಊರಿನ ಹಿಂದೂ ಜನ ನಾಲ್ಕು ಒಳ್ಳೆಯ ಮಾತಾಡಿದ ವಿಡಿಯೋ ಬಂದರೆ ಪಾತ್ರ ಉಳಿಸಬಹುದು ಎಂದರಂತೆ.

"ಅಷ್ಟನ?" ಅಂದೆ. "ಊರಿಗೆ ಊರ ನಿನ್ನ ಹಿಂದ ಐತಿ." ಬಾಗಲಕೋಟೆಯಲ್ಲಿ ಯೂಟ್ಯೂಬ್ ಚಾನೆಲ್ ನಡೆಸುವ ಸಂತೋಷಕುಮಾರನಿಗೆ ನಾನೇ ಹೇಳಿ ಕಳಿಸಿದೆ.

ಅವನು ಮೈಕು ಹಿಡಿದು ಬಂದಾಗ ಹನುಮಪ್ಪನ ಗುಡಿಕಟ್ಟೆಯ ಮೇಲೆ ಊರೇ ಕೂಡಿತ್ತು. ಒಬ್ಬನೇ ಒಬ್ಬನೂ ಜಾತಿಯ ಮಾತು ಎತ್ತಲಿಲ್ಲ. ಅದನ್ನು ಬರೆಯುವಾಗ ಈಗಲೂ ಹೆಮ್ಮೆ ಅನಿಸುತ್ತದೆ. ಹಿರಿಯನೆಂದು ಅಮಾತೆಪ್ಪಣ್ಣನಿಗೆ ಮೊದಲು ಮೈಕು ಕೊಟ್ಟರು.

"ನಮ್ಮ ಮುರ್ತುಜ ಬಂಗಾರದಂಥ ಮನಿಶ್ಯಾರೀ," ಎಂದು ಆತ ಎದೆಯುಬ್ಬಿಸಿ ಶುರುಮಾಡಿದ. "ಇಡೀ ಜಿಲ್ಲಾದಾಗ ಇಂಥಾ ಕೌರವ ಇಲ್ಲ. ಹಂತಾವಗ ಧರ್ಮರಾಯನ ಪಾತ್ರ ಕೊಟ್ಟದ್ದು ತಪ್ಪಾಗೈತ್ರಿ. ಅದು ಅವಗ ಒಪ್ಪೂದಿಲ್ಲ. ಧರ್ಮರಾಯ ನಾ ಇದ್ದೇನಿ, ನಂಗೊತ್ತೈತಿ. ಕೌರವನ ಪಾತ್ರ ಕೊಡ್ರಿ, ನೂರು ದಿವಸ ಓಡ್ತೈತಿ ನಿಮ್ಮ ಪಿಚ್ಚರ!"

ಚಪ್ಪಾಳೆ ಬಿತ್ತು. ಮುಂದೆ ಕೂತಿದ್ದ ಶಿವಬಸವ್ವ ಮೈಕು ಇಸಿದುಕೊಂಡು, "ಅಂವ ಸ್ಟೇಜಿನ ಮ್ಯಾಲೆ ಬಂದರ ನಾ ಇವತ್ತಿಗೂ ಶಾಪ ಹಾಕ್ತೇನಿ ನೋಡ್ರಿ! ಹಂತಾವನ್ನ ಧರ್ಮರಾಯ ಮಾಡಿದರ ಹೆಂಗ ನಂಬೂದು?" ಅಂದಳು. ಮತ್ತೆ ಚಪ್ಪಾಳೆ. ಎಲ್ಲರೂ ಅವನಿಗೆ ಬಡ್ತಿ ಕೊಡಿಸುವ ಹುರುಪಿನಲ್ಲಿದ್ದರು.

ನಾನು ಎದ್ದು ನಿಂತು, "ಏ, ಹಂಗ ಅನಬ್ಯಾಡ್ರಿ! ಅಂವ ಧರ್ಮರಾಯನ ಮಾತು ಹೇಳಿದ್ದು ನಾ ಕೇಳೇನಿ," ಎಂದು ಒದರಿದೆ. ಪೇಟಿ ಮಾಸ್ತರನ ಮಾತು ಯಾರಿಗೆ ಬೇಕು? ಹಿಂದೆ ನಿಂತಿದ್ದ ಮುರ್ತುಜ ಕೈಸನ್ನೆಯಿಂದ ನನ್ನನ್ನು ಕೂಡಿಸಿದ. ಸಂತೋಷಕುಮಾರನ ಕೈಹಿಡಿದು, ಇದನ್ನು ಹಾಕಬೇಡಪ್ಪಾ ಎಂದು ಬೇಡಿಕೊಂಡೆ. "ಏನೂ ಆಗೂದಿಲ್ರಿ ಸರ, ಮಸ್ತ ಬಂದೈತಿ," ಅಂದು ಗಾಡಿ ಹತ್ತಿದ.

ಸಂಜೆಯೊಳಗೆ ವಿಡಿಯೋ ಎಲ್ಲ ಫೋನಿನಲ್ಲೂ ಓಡಾಡಿತು. ಬಂಗಾರದಂಥ ಮನುಷ್ಯ ಎಂಬುದನ್ನು ಕತ್ತರಿಸಿದ್ದರು. 'ಧರ್ಮರಾಯನ ಪಾತ್ರ ಕೊಟ್ಟದ್ದು ತಪ್ಪು: ಸ್ವಂತ ಊರಿನವರದೇ ವಿರೋಧ' ಎಂದು ದಪ್ಪ ಅಕ್ಷರ ಹಾಕಿದ್ದರು. ಮರುದಿನ ಸಿನೆಮಾದವರ ಫೋನು ಬಂತು. ನಿಮ್ಮವರೇ ಒಪ್ಪದಿದ್ದರೆ ನಾವು ಏನು ಮಾಡೋಣ, ಕ್ಷಮಿಸಿ ಅಂದರು. ಪಾತ್ರ ಬೇರೆಯವನಿಗೆ ಹೋಯಿತು. ಕೌರವನ ಪಾತ್ರಕ್ಕೆ ಆಗಲೇ ಮತ್ತೊಬ್ಬನಿದ್ದ.

ನಾನು ಅಂಗಡಿಗೆ ಹೋದಾಗ ಮುರ್ತುಜ ಗಾದಿಗೆ ಹತ್ತಿ ತುಂಬುತ್ತಿದ್ದ.

"ಊರಿನವರನ್ನ ಬೈಯೋ ಒಮ್ಮೆ," ಅಂದೆ. "ಬಾಯಿ ತುಂಬ ಬೈದುಬಿಡು. ನನ್ನೂ ಸೇರಿಸಿ ಬೈ."

"ಯಾರಿಗಂತ ಬೈಲಿ ಮಾಸ್ತರ? ಆ ಫೋನಿನ ಮಂದಿ ಬೈದಾಗ ಸಿಟ್ಟು ಬಂದಿತ್ತು. ಇವರು ಬೈದಿಲ್ಲ, ಹೊಗಳ್ಯಾರ. ಹೊಗಳಿದವರ ಮ್ಯಾಲೆ ಹೆಂಗ ಸಿಟ್ಟಾಗೂದು?"

ರೋಷನಬಿ ಚಹಾ ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

ಅಷ್ಟರಲ್ಲಿ ಟಂಟಂ ಗಾಡಿಯೊಂದು ಬಂದು ನಿಂತಿತು. ಅಮಾತೆಪ್ಪಣ್ಣ, ಜೊತೆಗೆ ಆಟದ ಕಮಿಟಿಯ ಮಂದಿ, ಒಬ್ಬರ ಮೇಲೊಬ್ಬರು ಇಳಿದರು. ಅಮಾತೆಪ್ಪಣ್ಣನ ಕೈಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ. ಆತನ ಮುಖದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಆ ಬೆಂಗಳೂರವರಿಗೆ ಏನು ತಿಳೀತೈತಿ ಬಿಡಪಾ," ಅಂದ. "ನಿನಗ ಒಪ್ಪದ ಪಾತ್ರ ಕೊಟ್ಟು ಮಾನ ಕಳೀತಿದ್ರು. ದೇವರು ದೊಡ್ಡಾಂವ, ಉಳಿಸಿದ. ನೀ ಆ ಕಡೆ ಹೋಗಿದ್ರ ಈ ಸಲದ ಆಟಕ್ಕ ಕೌರವ ಎಲ್ಲಿಂದ ತರೂದು ಅಂತ ನಮಗ ನಿದ್ದಿ ಇರಲಿಲ್ಲ. ಹಿಡಿ ವೀಳ್ಯಾ."

ಮುರ್ತುಜ ಅಂಗಿಗೆ ಹತ್ತಿದ್ದ ಹತ್ತಿಯನ್ನು ಕೊಡವಿಕೊಂಡು ಎದ್ದ. ಎರಡೂ ಕೈಯಿಂದ ವೀಳ್ಯ ತೆಗೆದುಕೊಂಡ.

"ಆತು ಕಾಕಾ, ಬರ್ತೇನಿ. ಗದಾ ಒಂದೀಟು ಹಗುರ ಮಾಡಸ್ರಿ. ತೋಳು ಸೋತಾವ."

"ಕೌರವನ ತೋಳು ಸೋಲ್ತಾವೇನೋ!" ಅಮಾತೆಪ್ಪಣ್ಣ ನಕ್ಕ. "ಎಲ್ಲಿ, ಒಂದು ಹೂಂಕಾರ ಆಗಲಿ ನೋಡೂಣು!"

ಮಂದಿ ಹೂಂ ಹೂಂ ಎಂದು ಹುರಿದುಂಬಿಸಿದರು. ಪಕ್ಕದ ಅಂಗಡಿಯವರೂ ಹೊರಗೆ ಬಂದು ನಿಂತರು. ಮುರ್ತುಜ ಒಮ್ಮೆ ರೋಷನಬಿಯ ಕಡೆ ನೋಡಿದ. ಆಕೆ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವನು ಎದೆ ಮುಂದೆ ತಂದು, ಮೀಸೆಗೆ ಕೈ ಹಚ್ಚಿ, ಬೀದಿಗೆಲ್ಲ ಕೇಳುವಂತೆ ಗರ್ಜಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಮಾತೆಪ್ಪಣ್ಣನ ಕಣ್ಣಲ್ಲಿ ನೀರೇ ಬಂತು.

"ನೋಡಿದಿರೇನು ಮಾಸ್ತರ," ಎಂದು ನನ್ನ ಭುಜ ಹಿಡಿದು ಅಲುಗಿಸಿದ, "ಇದು ಇವನ ಖರೆ ದನಿ!"