ದಿನಕ್ಕೊಂದು ಮೊಳ ನಡೆದ ಜೇನುಪೆಟ್ಟಿಗೆ

ಇದನ್ನು ನನಗೆ ಹೇಳಿದವರು ಕಳಸದ ಬಳಿಯ ಕಾಫಿತೋಟವೊಂದರ ಸಾವಿತ್ರಮ್ಮ, 2002ರಲ್ಲಿ. ಮರುದಿನ ಅವರ ಮೈದುನ ಶೇಷಪ್ಪನವರಿಂದಲೂ ಕೇಳಿ ತಾಳೆ ನೋಡಿದೆ. ಇಬ್ಬರ ಕಥೆಯೂ ಒಂದೇ. ದಿನಗಳ ಎಣಿಕೆಯಲ್ಲಿ ಮಾತ್ರ ಒಂದರ ವ್ಯತ್ಯಾಸ.

1994ರ ಫೆಬ್ರವರಿ. ರೋಗ ತಗಲಿ ಸಾವಿತ್ರಮ್ಮನವರ ಹತ್ತು ಜೇನುಪೆಟ್ಟಿಗೆಗಳಲ್ಲಿ ಒಂಬತ್ತು ಬರಿದಾಗಿದ್ದವು. ಉಳಿದ ಒಂದರಿಂದಲೇ ಮತ್ತೆ ಸಂತತಿ ಬೆಳೆಸಬೇಕಿತ್ತು. ನೀರಿನ ತೊಟ್ಟಿ ಕಟ್ಟಲು ಜಾಗ ಬೇಕೆಂದು ಶೇಷಪ್ಪ ಅದನ್ನು ಬೆಳಗಾಗುವ ಮೊದಲೇ ಎತ್ತಿ, ಮೂವತ್ತು ಮೊಳ ಆಚೆ, ಹಲಸಿನ ಬುಡದಲ್ಲಿಟ್ಟರು. ಬಿಸಿಲೇರುವಷ್ಟರಲ್ಲಿ ಮೇಯಲು ಹೋದ ನೊಣಗಳು ಹಿಂದಿರುಗಿ, ಹಳೆಯ ಜಾಗದ ಬರಿಗಾಳಿಯಲ್ಲಿ ಬಾಗಿಲು ಹುಡುಕುತ್ತ ಸುತ್ತತೊಡಗಿದವು.

“ಎಂಥ ಕೆಲ್ಸ ಮಾಡಿದ್ಯೋ ಮಾರಾಯ!”

“ಕಾಣೋ ದೂರದಲ್ಲೇ ಇಟ್ಟಿದೀನಲ್ಲ ಅತ್ತಿಗೆ. ಕಣ್ಣಿಲ್ವಾ ಅವಕ್ಕೆ?”

“ಕಣ್ಣಿಗಿಂತ ನೆನಪು ಜಾಸ್ತಿ ಅವಕ್ಕೆ. ನಿನ್ ಹಾಗೆ ಚಪ್ಪಲಿ ಬಿಟ್ಟ ಜಾಗ ಮರೆಯೋ ಜಾತಿ ಅಲ್ಲ. ಸಂಜೆ ಚಳಿಗೆ ಎಲ್ಲ ಸಾಯ್ತವೆ, ವಾಪಸ್ ತಾ!”

ಪೆಟ್ಟಿಗೆ ಹಿಂದೆ ಬಂತು, ನೊಣಗಳು ಒಳಸೇರಿದವು. ಅಂದಿನಿಂದ ಸಾವಿತ್ರಮ್ಮ ತಮ್ಮ ಅತ್ತೆ ಕಲಿಸಿದ ಕ್ರಮ ಹಿಡಿದರು. ಪ್ರತಿ ಸಂಜೆ ನೊಣಗಳೆಲ್ಲ ಮನೆ ಸೇರಿದ ಮೇಲೆ ಪೆಟ್ಟಿಗೆಯನ್ನು ಹಲಸಿನ ಕಡೆಗೆ ಒಂದೇ ಮೊಳ ಸರಿಸುವುದು. ಅಳತೆಯ ಕೆಲಸ ಶೇಷಪ್ಪನವರದು. ತೊಟ್ಟಿ ಕಟ್ಟಲು ಬಂದ ಗಾರೆಯವರು ಕಾದರು, ನಕ್ಕರು.

ಜೀವಶಾಸ್ತ್ರ ಓದುತ್ತಿದ್ದ ಮಗಳು ಮೂಕಾಂಬಿಕಾ ರಜೆಗೆ ಬಂದವಳು ನಗಲಿಲ್ಲ.

“ಅಮ್ಮಾ, ದಾರಿ, ಜಾಗ ನೆನಪಿಡೋಕೆ ನಮ್ ಮೆದುಳಿನ ಆಳದಲ್ಲಿ ಹಿಪೊಕ್ಯಾಂಪಸ್ ಅಂತ ಒಂದು ಭಾಗ ಇದೆ. ಜೇನಿನ ಮೆದುಳು ಎಳ್ಳಿಗಿಂತ ಚಿಕ್ಕದು. ಅದ್ರಲ್ಲೂ ಅಣಬೆ ಆಕಾರದ ಒಂದು ಜೋಡಿ ಇದೆ. ಮನೆ ಸುತ್ತಲಿನ ಮರ, ಕಲ್ಲು ಎಲ್ಲ ಅಲ್ಲಿ ಅಚ್ಚಾಗತ್ತೆ. ಒಂದು ಮೊಳ ಸರಿದ್ರೆ ಹುಡುಕಿಕೊಳ್ತವೆ, ಹೊಸ ಜಾಗ ಕಲೀತವೆ. ಮೂವತ್ತು ಮೊಳ ಒಟ್ಟಿಗೇ ಆದ್ರೆ ಕಷ್ಟ.”

“ಎಳ್ಳಷ್ಟೂ ಇಲ್ದಿರೋ ತಲೇಲಿ ಇಡೀ ತೋಟನಾ?” ಶೇಷಪ್ಪ ಬೆರಗಾದರು.

“ನಮ್ಮತ್ತೆಗೆ ಅಣಬೆ ವಿಚಾರ ಗೊತ್ತಿರ್ಲಿಲ್ಲ, ಮೊಳ ಗೊತ್ತಿತ್ತು,” ಎಂದರು ಸಾವಿತ್ರಮ್ಮ.

ಪೆಟ್ಟಿಗೆ ಹಲಸಿನ ಬುಡ ಮುಟ್ಟಿದ ವಾರದಲ್ಲೇ ಮಳೆ ಬಿದ್ದು ಕಾಫಿ ಹೂಬಿಟ್ಟಿತು. ಕಾಲಿಗೆ ಪರಾಗ ಮೆತ್ತಿಕೊಂಡ ನೊಣಗಳು ಒಂದೂ ತಡವರಿಸದೆ ನೇರ ಹೊಸ ಬಾಗಿಲಿಗೇ ಬಂದವು. ನಾನು ಹೋದಾಗ ಅದೇ ಸಂತತಿ ಇಪ್ಪತ್ತೆರಡು ಪೆಟ್ಟಿಗೆ ತುಂಬಿತ್ತು.

ಸಾವಿತ್ರಮ್ಮ ಮೂವತ್ತು ದಿನ ಎನ್ನುತ್ತಾರೆ, ಶೇಷಪ್ಪನವರು ಇಪ್ಪತ್ತೊಂಬತ್ತು. ಶೇಷಪ್ಪನವರನ್ನೇ ಕಾರಣ ಕೇಳಿದೆ. ಅವರು ಮೊಣಕೈ ಮಡಚಿ, ಬೆರಳು ಚಾಚಿ, ಎದೆಯುಬ್ಬಿಸಿ ತೋರಿಸಿದರು:

“ಅಳ್ದಿದ್ದು ನಾನಲ್ವಾ? ನಮ್ ಕೈ ಸ್ವಲ್ಪ ಉದ್ದ.”